ಹೊಸ ವಿಂಡೋಸ್ ಹಾಕಿದರೂ ಬಿಡದ ಕಾಟ: ಒಂದು ಕಂಪ್ಯೂಟರ್‌ನ ಪ್ರಕರಣ

ಕಂಪ್ಯೂಟರ್ ವಿಚಿತ್ರವಾಗಿ ಆಡತೊಡಗಿದರೆ ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: "ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿಬಿಡಿ." ಬಹಳ ಸಲ ಅದು ಒಳ್ಳೆಯ ಸಲಹೆಯೇ. ಈ ಪ್ರಕರಣದಲ್ಲೂ ಆ ಸಲಹೆಯಲ್ಲಿ ತಪ್ಪಿರಲಿಲ್ಲ. ಆದರೆ ಹೊಸ ವಿಂಡೋಸ್ ಹಾಕಿದ ಮೇಲೂ ಕಾಟ ವಾಪಸ್ ಬಂತು. ಬಂದಾಗ, ಹಾಗೆ ಬಂದದ್ದಕ್ಕೆ ಅರ್ಥ ಏನು ಅಂತ ಯೋಚಿಸುವ ಬದಲು ಇನ್ನೊಂದು ಸಲ ಹಾಕೋಣ ಅಂತ ಹೊರಟರು. ನಾನು ಇದನ್ನು ಬರೆಯುತ್ತಿರುವುದು ಆ ಘಟ್ಟಕ್ಕಾಗಿಯೇ.

ಕಂಪ್ಯೂಟರ್ ಮನೆಯಲ್ಲೇ ಕೂತು ಪುಸ್ತಕಗಳ ಪುಟವಿನ್ಯಾಸ ಮಾಡುವ ಒಬ್ಬರದ್ದು. ಅವರನ್ನು ಇಲ್ಲಿ ವಿನ್ಯಾಸಕಿ ಅಂತಲೇ ಕರೆಯುತ್ತೇನೆ. ಅವರ ಮಷೀನ್ ನೋಡಿಕೊಳ್ಳುವುದು ಅವರ ತಮ್ಮ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ, ತಾಂತ್ರಿಕ ವಿವರಗಳನ್ನು ಮುಟ್ಟಿಲ್ಲ. ನಾನು ಇದರೊಳಗೆ ಬಂದದ್ದು ಅರ್ಧ ಕಥೆ ಮುಗಿದ ಮೇಲೆ. ಹಾಗಾಗಿ ಮೊದಲ ಅರ್ಧ ಅವರಿಬ್ಬರು ಹೇಳಿದ್ದು, ಜೊತೆಗೆ ಹಳೆ ಡಿಸ್ಕ್‌ನಲ್ಲಿ ಉಳಿದಿದ್ದ ಲಾಗ್‌ಗಳು, ಅಂದರೆ ವಿಂಡೋಸ್ ತಾನೇ ಬರೆದಿಡುವ ದಾಖಲೆಗಳು, ಹೇಳಿದ್ದು.

ಹಿನ್ನೆಲೆ

ಬಿಡಿಭಾಗ ಕೊಂಡು ಜೋಡಿಸಿದ ಡೆಸ್ಕ್‌ಟಾಪ್ ಅದು. ವಿಂಡೋಸ್ 10, ಫೈಲ್‌ಗಳು ಶಾಶ್ವತವಾಗಿ ಕೂರುವ ಎಸ್‌ಎಸ್‌ಡಿ ಡಿಸ್ಕ್ ಒಂದು, ಕೆಲಸ ನಡೆಯುವಾಗ ಅವು ಬಂದು ಕೂರುವ ತಾತ್ಕಾಲಿಕ ಮೆಮೊರಿಯಾಗಿ ಶುರುವಿನಲ್ಲಿ 8 ಜಿಬಿ ರ‍್ಯಾಮ್. ಚಿತ್ರಗಳು ಜಾಸ್ತಿ ಇರುವ ಪುಸ್ತಕ ಒಂದು ಬಂದಾಗ ರ‍್ಯಾಮ್ ಸಾಲದೆ ಇನ್ನೊಂದು 8 ಜಿಬಿ ಸ್ಟಿಕ್ ಹಾಕಿಸಿದ್ದರು. ಆಮೇಲೆ ತಿಂಗಳುಗಟ್ಟಲೆ ಎಲ್ಲ ಚೆನ್ನಾಗಿಯೇ ನಡೆಯಿತು. ಹಾಗಾಗಿ ಮುಂದೆ ತೊಂದರೆ ಶುರುವಾದಾಗ "ಇತ್ತೀಚೆಗೆ ಒಳಗೆ ಏನಾದರೂ ಬದಲಾಯಿಸಿದ್ದೀರಾ?" ಅಂತ ಯಾರು ಕೇಳಿದರೂ ಅವರು "ಇಲ್ಲ, ಏನೂ ಇಲ್ಲ" ಅನ್ನುತ್ತಿದ್ದರು. ಅದು ಸುಳ್ಳೂ ಅಲ್ಲ.

ಕೆಲಸದ ರೀತಿ ಹೀಗೆ. ಲೇಖಕರು ಹಸ್ತಪ್ರತಿಯನ್ನು ಟೆಕ್ಸ್ಟ್ ಅಥವಾ ವರ್ಡ್ ಫೈಲ್ ಆಗಿ ಕಳಿಸುತ್ತಾರೆ, ಫೋಟೋಗಳು ಜಿಪ್ ಆಗಿ ಬರುತ್ತವೆ, ಅವನ್ನೆಲ್ಲ ಪುಟಕ್ಕೆ ಕೂರಿಸಿ ಪಿಡಿಎಫ್ ಮಾಡಿ ಮುದ್ರಣಕ್ಕೆ ಕೊಡುತ್ತಾರೆ. ಎಲ್ಲ ಫೈಲ್ ಈ ಒಂದೇ ಮಷೀನ್ ಮೂಲಕ ಹಾದುಹೋಗುತ್ತದೆ. ಬ್ಯಾಕಪ್‌ಗೆ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇತ್ತು, ನೆನಪಾದಾಗ ಅದಕ್ಕೆ ಕಾಪಿ ಮಾಡುತ್ತಿದ್ದರು. ಈ ಬ್ಯಾಕಪ್ ಮುಂದೆ ದೊಡ್ಡ ವಿಷಯವಾಗುತ್ತದೆ.

ಏನು ಕಾಟ

ಮೊದಮೊದಲು ಎಲ್ಲ ಸಣ್ಣಪುಟ್ಟದು. ಬ್ರೌಸರ್‌ನ ಒಂದು ಟ್ಯಾಬ್ ತಾನಾಗಿ ಕ್ರ್ಯಾಶ್ ಆಗುವುದು, ಸೆಟ್ಟಿಂಗ್ಸ್ ತೆರೆದರೆ ಕ್ಷಣದಲ್ಲಿ ಮುಚ್ಚಿಕೊಳ್ಳುವುದು. ಒಂದು ದಿನ ಫಾಂಟ್ ಪಟ್ಟಿಯೇ ಖಾಲಿ, ರೀಸ್ಟಾರ್ಟ್ ಮಾಡಿದರೆ ಎಲ್ಲ ಫಾಂಟ್ ವಾಪಸ್. ಲೇಖಕರು ಕಳಿಸಿದ ಜಿಪ್ ಬಿಚ್ಚಲು ಹೋದರೆ "ಫೈಲ್ ಹಾಳಾಗಿದೆ" ಅನ್ನುತ್ತದೆ, ಅದೇ ಜಿಪ್ ಮಾರನೇ ದಿನ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಆಮೇಲೆ, ವಿಂಡೋಸ್ ಪೂರ್ತಿ ನಿಂತುಹೋದಾಗ ಬರುವ ನೀಲಿ ಪರದೆ ಶುರುವಾಯಿತು. ಪ್ರತಿ ಸಲವೂ ಅದರ ಮೇಲೆ ಬೇರೆ ಎರರ್‌ನ ಹೆಸರು: ಒಂದು ಸಲ ಮೆಮೊರಿ ಮ್ಯಾನೇಜ್‌ಮೆಂಟ್, ಇನ್ನೊಂದು ಸಲ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್, ಮತ್ತೊಂದು ಸಲ ಪೇಜ್ ಫಾಲ್ಟ್.

ಜಿಪ್‌ನ ವಿಷಯದ ಹತ್ತಿರ ಒಂದು ನಿಮಿಷ ನಿಲ್ಲಬೇಕು. ಜಿಪ್‌ನೊಳಗೆ ಪ್ರತಿ ಫೈಲಿಗೂ ಸಿಆರ್‌ಸಿ ಅನ್ನುವ 32 ಬಿಟ್‌ನ (ಬಿಟ್ ಅಂದರೆ ಒಂದು 0 ಅಥವಾ 1) ತಾಳೆ ಸಂಖ್ಯೆ ಇರುತ್ತದೆ. ಬಿಚ್ಚಿದ ಮೇಲೆ ಲೆಕ್ಕ ತಾಳೆಯಾಗದಿದ್ದರೆ ಅದು ತಕರಾರು ತೆಗೆಯುತ್ತದೆ. ಫೋಟೋ, ಸಾದಾ ಟೆಕ್ಸ್ಟ್ ಫೈಲ್‌ಗಳಲ್ಲಿ ಇಂಥ ಕಾವಲು ಇಲ್ಲ, ಒಳಗೆ ಏನಾದರೂ ಕೆಟ್ಟರೆ ಸದ್ದಿಲ್ಲದೆ ಕೆಡುತ್ತದೆ. ಅಂದರೆ ಈ ಮಷೀನಿನಲ್ಲಿ ಬಾಯಿಬಿಟ್ಟು ಹೇಳುತ್ತಿದ್ದದ್ದು ಜಿಪ್ ಒಂದೇ. ಅದೇ ಫೈಲ್ ನಿನ್ನೆ ಹಾಳು, ಇವತ್ತು ಸರಿ ಅಂದರೆ ಡಿಸ್ಕ್‌ನಲ್ಲಿರುವ ಫೈಲ್ ಹಾಳಾಗಿಲ್ಲ, ಓದುವ ದಾರಿಯಲ್ಲಿ ಎಲ್ಲೋ ಹಾಳಾಗುತ್ತಿದೆ ಅಂತ ಅರ್ಥ. ಈಗ ಹೇಳುವುದು ಸುಲಭ ಬಿಡಿ. ಕೆಲಸದ ಗಡಿಬಿಡಿಯಲ್ಲಿ ಯಾರಾದರೂ "ಡೌನ್‌ಲೋಡ್ ಸರಿಯಾಗಿ ಆಗಿರಲಿಲ್ಲವೇನೋ" ಅಂತಲೇ ಅಂದುಕೊಳ್ಳುತ್ತಾರೆ.

ಮೊದಲು ಮಾಡಿದ ಪ್ರಯತ್ನಗಳು

ತಮ್ಮ ಕೈಚೆಲ್ಲಿ ಕೂರುವವನಲ್ಲ. ಆಂಟಿವೈರಸ್‌ನಲ್ಲಿ ಪೂರ್ತಿ ಸ್ಕ್ಯಾನ್ ಮಾಡಿದ, ಏನೂ ಸಿಗಲಿಲ್ಲ. ಈಚೆಗೆ ಹಾಕಿದ ಎರಡು ಮೂರು ಪ್ರೋಗ್ರಾಂ ತೆಗೆದ. ಹೊಸ ಯೂಸರ್ ಅಕೌಂಟ್ ಮಾಡಿ ನೋಡಿದ, ಅಲ್ಲೂ ಅದೇ ಕಥೆ. ಎಸ್‌ಎಸ್‌ಡಿಯ ಸ್ಮಾರ್ಟ್ ವರದಿ ತೆಗೆದು ನೋಡಿದ, ಆರೋಗ್ಯ ಚೆನ್ನಾಗಿದೆ ಅಂತ ಬಂತು. ಕೊನೆಗೆ ಕಮಾಂಡ್ ಪ್ರಾಂಪ್ಟ್ ತೆಗೆದು ಎಸ್‌ಎಫ್‌ಸಿ ಸ್ಕ್ಯಾನ್ ಓಡಿಸಿದ. ವಿಂಡೋಸ್‌ನ ಸ್ವಂತ ಫೈಲ್‌ಗಳು ಸರಿಯಿವೆಯಾ ಅಂತ ಅದು ಪರೀಕ್ಷೆ ಮಾಡುತ್ತದೆ, ಕೆಟ್ಟಿದ್ದರೆ ತನ್ನ ಹತ್ತಿರ ಇಟ್ಟುಕೊಂಡಿರುವ ಒಳ್ಳೆಯ ಪ್ರತಿಯಿಂದ ಸರಿಮಾಡುತ್ತದೆ. "ಹಾಳಾದ ಫೈಲ್‌ಗಳು ಸಿಕ್ಕಿವೆ, ಸರಿಪಡಿಸಲಾಗಿದೆ" ಅಂತ ಬಂತು. ಸಮಾಧಾನವಾಯಿತು. ಆದರೂ ಸುಮ್ನೆ ಇನ್ನೊಂದು ಸಲ ಓಡಿಸಿದ. ಮತ್ತೆ ಹಾಳಾದ ಫೈಲ್‌ಗಳು. ಲಾಗ್ ತೆಗೆದು ನೋಡಿದರೆ ಈ ಸಲ ಬೇರೆಯದೇ ಫೈಲ್‌ಗಳ ಹೆಸರು. ಡಿಐಎಸ್‌ಎಂ ಅನ್ನುವ ಇನ್ನೊಂದು ಕಮಾಂಡ್ ಓಡಿಸಿ ಆ ಒಳ್ಳೆಯ ಪ್ರತಿಗಳನ್ನೇ ರಿಪೇರಿ ಮಾಡಲು ನೋಡಿದ, ಅದು ಅರ್ಧದಲ್ಲಿ ನಿಂತಿತು.

ಅವನು ಇದಕ್ಕೆ ಕಟ್ಟಿಕೊಂಡ ಅರ್ಥ: ವಿಂಡೋಸ್ ಎಷ್ಟು ಹಾಳಾಗಿದೆ ಅಂದರೆ ಸರಿಮಾಡಿದಷ್ಟೂ ಹೊಸದು ಹಾಳಾಗುತ್ತಿದೆ. ಕೇಳಲು ಸರಿ ಅನಿಸುತ್ತದೆ, ಅಲ್ವಾ? ಆದರೆ ಎಸ್‌ಎಫ್‌ಸಿ ಮಾಡುವುದು ಏನು ಅಂತ ನೋಡಿ. ಡಿಸ್ಕ್‌ನಲ್ಲಿರುವ ಫೈಲನ್ನು ರ‍್ಯಾಮ್‌ಗೆ ತಂದು, ಲೆಕ್ಕ ಹಾಕಿ, ಸರಿಯಾದ ಲೆಕ್ಕದ ಜೊತೆ ತಾಳೆ ನೋಡುತ್ತದೆ. ರ‍್ಯಾಮ್‌ನಲ್ಲೇ ಒಂದು ಬಿಟ್ ತಿರುಗಿಬಿದ್ದರೆ ಡಿಸ್ಕ್‌ನಲ್ಲಿ ಚೆನ್ನಾಗಿಯೇ ಇರುವ ಫೈಲ್ ಕೂಡ ಕೆಟ್ಟಿದೆ ಅಂತ ಅದಕ್ಕೆ ಕಾಣುತ್ತದೆ. ಆಮೇಲೆ ಅದನ್ನು "ಸರಿಮಾಡಲು" ಅದೇ ರ‍್ಯಾಮ್ ಮೂಲಕ ಇನ್ನೊಂದು ಪ್ರತಿ ಬರೆಯುತ್ತದೆ. ಹೀಗೆ ಸರಿಯಿದ್ದದ್ದು ನಿಜವಾಗಿಯೂ ಕೆಡಬಹುದು. ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗೆ ಎಸ್‌ಎಫ್‌ಸಿ ಹೇಳಿದ್ದನ್ನೆಲ್ಲ ನಂಬಬಾರದು. ಒಮ್ಮೆ ಸಿಕ್ಕ ಫೈಲ್‌ಗಳೇ ಮತ್ತೆ ಸಿಕ್ಕರೆ ವಿಂಡೋಸ್ ಮೇಲೆ ಅನುಮಾನ ಪಡಿ. ಪ್ರತಿ ಸಲ ಬೇರೆ ಬೇರೆ ಫೈಲ್ ಸಿಕ್ಕರೆ ವಿಂಡೋಸ್ ಬಿಟ್ಟು ಕೆಳಗೆ ನೋಡಿ.

ಹೊಸದಾಗಿ ಹಾಕುವ ನಿರ್ಧಾರ

ಇಲ್ಲಿ ಒಂದೇ ಸಲಕ್ಕೆ ನಾಲ್ಕು ನಿರ್ಧಾರ ಆದವು. ಒಂದು ತುಂಬ ಒಳ್ಳೆಯದು, ಉಳಿದವು ಪತ್ತೆ ಕೆಲಸವನ್ನು ಕಷ್ಟ ಮಾಡಿದವು.

ಒಳ್ಳೆಯದು ಇದು: ಹಳೆ ಎಸ್‌ಎಸ್‌ಡಿಯನ್ನು ಫಾರ್ಮ್ಯಾಟ್ ಮಾಡದೆ ಬಿಚ್ಚಿ ತೆಗೆದು ಎತ್ತಿಟ್ಟ. ಹೊಸ ಎಸ್‌ಎಸ್‌ಡಿ ಹಾಕಿ ಅದರ ಮೇಲೆ ವಿಂಡೋಸ್ ಹಾಕಿದ. ಹೇಗೂ ಹಳೆಯದರಲ್ಲಿ ಜಾಗ ಸಾಲುತ್ತಿರಲಿಲ್ಲ ಅನ್ನುವುದು ಅವನ ಕಾರಣ, ಸುರಕ್ಷತೆ ಅಲ್ಲ. ಕಾರಣ ಏನೇ ಇರಲಿ, ಅಕ್ಕನ ಕೆಲಸ ಉಳಿಸಿದ್ದು ಆ ಒಂದು ಕೆಲಸ. ಅದೇ ಡಿಸ್ಕ್ ಮೇಲೆ ಹೊಸ ವಿಂಡೋಸ್ ಹಾಕಿದರೆ ಹಳೆಯದು ವಿಂಡೋಸ್ ಓಲ್ಡ್ ಅನ್ನುವ ಫೋಲ್ಡರ್‌ನಲ್ಲಿ ಕೂರುತ್ತದೆ ಅಂತ ಕೆಲವರು ಧೈರ್ಯವಾಗಿರುತ್ತಾರೆ. ಪಾರ್ಟಿಷನ್ ಅಳಿಸಿ ಹಾಕಿದರೆ ಅದೂ ಇರುವುದಿಲ್ಲ. ಇದ್ದರೂ ಸಾಮಾನ್ಯವಾಗಿ 10 ದಿನವಾದ ಮೇಲೆ ವಿಂಡೋಸ್ ಅದನ್ನು ತಾನೇ ಅಳಿಸುತ್ತದೆ.

ಎರಡನೆಯದು, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರಿಂದ, ಹೇಗೂ ಹಾಕುತ್ತಿದ್ದೇನೆ, ವಿಂಡೋಸ್ 11 ಹಾಕಿಬಿಡೋಣ ಅಂದುಕೊಂಡ. ಮೂರನೆಯದು, 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು, ಅದನ್ನು ಆನ್ ಮಾಡಲು ಬಯಾಸ್ (ವಿಂಡೋಸ್‌ಗೂ ಮೊದಲು ಏಳುವ, ಮದರ್‌ಬೋರ್ಡ್‌ನ ಸೆಟ್ಟಿಂಗ್‌ಗಳಿರುವ ಜಾಗ) ಒಳಗೆ ಹೋದವನು ಅಲ್ಲೇ ಕಣ್ಣಿಗೆ ಬಿದ್ದ ಎಕ್ಸ್‌ಎಂಪಿಯನ್ನೂ ಆನ್ ಮಾಡಿದ. ರ‍್ಯಾಮ್‌ನ ಪೆಟ್ಟಿಗೆಯ ಮೇಲೆ ಬರೆದಿರುವ ಪೂರ್ತಿ ವೇಗದಲ್ಲಿ ಅದನ್ನು ಓಡಿಸುವ ಸೆಟ್ಟಿಂಗ್ ಅದು. ನಾಲ್ಕನೆಯದು, ವಿಂಡೋಸ್ ಏರಿದ ಸಂಜೆಯೇ ಡ್ರೈವರ್, ವಿನ್ಯಾಸದ ಸಾಫ್ಟ್‌ವೇರ್, ನೂರಾರು ಫಾಂಟ್, ಮೇಲ್, ಪ್ರಿಂಟರ್ ಎಲ್ಲ ಒಟ್ಟಿಗೆ ಹಾಕಿದ. ಅಕ್ಕನಿಗೆ ಮಾರನೇ ದಿನ ಕೆಲಸ ಇತ್ತು, ಅವನನ್ನು ದೂರಲು ಆಗುವುದಿಲ್ಲ. ಆದರೆ ಡಿಸ್ಕ್, ವಿಂಡೋಸ್, ಬಯಾಸ್, ಪ್ರೋಗ್ರಾಂಗಳು ಎಲ್ಲ ಒಂದೇ ದಿನ ಬದಲಾದ ಮೇಲೆ ಮುಂದೆ ಏನಾದರೂ ಆದರೆ ಬೆರಳು ತೋರಿಸಲು ಹತ್ತು ಕಡೆ ಸಿಗುತ್ತದೆ, ನಿಜವಾದ ಕಡೆ ಮಾತ್ರ ಕಾಣುವುದಿಲ್ಲ.

ಇದಕ್ಕೆಲ್ಲ ಮೊದಲು, ಇನ್ನೂ ಹಳೆ ವಿಂಡೋಸ್ ಇರುವಾಗಲೇ, ಕೆಲಸದ ಫೋಲ್ಡರ್ ಪೂರ್ತಿ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡಿಕೊಂಡಿದ್ದ. ಕಾಪಿ ಒಂದೂ ಎರರ್ ಇಲ್ಲದೆ ಮುಗಿಯಿತು.

ಸ್ವಲ್ಪ ದಿನ ಸುಖ

ಹೊಸ ವಿಂಡೋಸ್ ಬಂದ ಮೇಲೆ ಮಷೀನ್ ಹಗುರವಾಗಿ ಓಡಿತು. ಎಲ್ಲರಿಗೂ ಖುಷಿ. ಕಾಟ ವಿಂಡೋಸ್‌ನದ್ದೇ ಆಗಿತ್ತು ಅಂತ ತೀರ್ಮಾನವೂ ಆಯಿತು.

ಆಮೇಲೆ ದೊಡ್ಡ ಪುಸ್ತಕ ಒಂದು ಬಂತು, ಕಾಟವೂ ಬಂತು. ಮೊದಲು ಟ್ಯಾಬ್ ಕ್ರ್ಯಾಶ್, ಆಮೇಲೆ ನೀಲಿ ಪರದೆ. ಈ ಸಲ ಬೈಗುಳ ವಿಂಡೋಸ್ 11ಕ್ಕೆ. ಅಪ್‌ಡೇಟ್ ತೆಗೆದರು. ಗ್ರಾಫಿಕ್ಸ್ ಡ್ರೈವರ್‌ನ ಹಳೆ ಆವೃತ್ತಿ ಹಾಕಿದರು. ಫಾಂಟ್‌ಗಳನ್ನು ಅರ್ಧಕ್ಕರ್ಧ ತೆಗೆದರು. ಪ್ರತಿಯೊಂದಾದ ಮೇಲೂ ಸ್ವಲ್ಪ ಹೊತ್ತು ಸರಿ ಅನ್ನಿಸುತ್ತಿತ್ತು. ಕಾಟ ಆಗಾಗ ಮಾತ್ರ ಬರುವಂಥದ್ದಾದರೆ ಏನು ಮಾಡಿದರೂ ಅದೇ ಮದ್ದು ಅನ್ನಿಸುತ್ತದೆ.

ಮಧ್ಯದ ಆ ಸುಖಕ್ಕೆ ಕಾರಣ ಆಮೇಲೆ ಗೊತ್ತಾಯಿತು. ಕೆಟ್ಟಿದ್ದದ್ದು 16 ಜಿಬಿ ಜಾಗದಲ್ಲಿ ಒಂದೆರಡು ಕೋಶ ಅಷ್ಟೇ. ಹೊಸ ವಿಂಡೋಸ್, ಸಣ್ಣ ಕೆಲಸ, ಕೆಲವೇ ಪ್ರೋಗ್ರಾಂ: ಆ ಜಾಗದ ತನಕ ಬಳಕೆ ಹೋಗುವುದೇ ಅಪರೂಪ, ಹೋದರೂ ಅಲ್ಲಿ ಮುಖ್ಯವಾದದ್ದು ಇರಬೇಕೆಂದಿಲ್ಲ. ದೊಡ್ಡ ಪುಸ್ತಕ ತೆರೆದು ರ‍್ಯಾಮ್ ತುಂಬಿದಾಗ ಆ ಕೋಶಕ್ಕೂ ಏನೋ ಒಂದು ಬಂದು ಕೂರುತ್ತದೆ. ಅಲ್ಲಿ ಕೂತದ್ದು ಫೋಟೋದ ಒಂದು ಚುಕ್ಕೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ. ಡ್ರೈವರ್‌ನ ಕೋಡ್ ಆದರೆ ನೀಲಿ ಪರದೆ. ರೋಗಲಕ್ಷಣ ಪ್ರತಿ ಸಲ ಬೇರೆ ಇದ್ದದ್ದು ಅದಕ್ಕೇ.

ತಿರುವು

ತಮ್ಮ ಎರಡನೇ ಸಲ ವಿಂಡೋಸ್ ಹಾಕಲು ಕೂತ. ಈ ಸಲ ಹಾಕಲೇ ಆಗಲಿಲ್ಲ. ಫೈಲ್‌ಗಳು ಕಾಪಿ ಆಗುತ್ತಿದ್ದ ಹಾಗೇ ಸೆಟಪ್ ನಿಂತಿತು, 80070570 ಅನ್ನುವ ಎರರ್ ಕೋಡ್. ಫೈಲ್ ಹಾಳಾಗಿದೆ, ಓದಲಾಗುತ್ತಿಲ್ಲ ಅಂತ ಅದರ ಅರ್ಥ. ಮತ್ತೆ ಮಾಡಿದ, ಈ ಸಲ ಇನ್ನೂ ಸ್ವಲ್ಪ ಮುಂದೆ ಹೋಗಿ ನಿಂತಿತು. ಪೆನ್‌ಡ್ರೈವ್ ಕೆಟ್ಟಿರಬೇಕು ಅಂತ ಬೇರೆ ಪೆನ್‌ಡ್ರೈವ್ ತಂದು, ಹಳೆ ಎಸ್‌ಎಸ್‌ಡಿ ಸಿಕ್ಕಿಸಿ ಅದೇ ಕಂಪ್ಯೂಟರ್‌ನಲ್ಲೇ ಅದನ್ನು ತಯಾರು ಮಾಡಿದ. ಅದೂ ನಿಂತಿತು, ಇನ್ನೊಂದು ಜಾಗದಲ್ಲಿ.

ಆಗ ನನಗೆ ಫೋನ್ ಬಂತು. ನನಗೆ ಈ ಪ್ರಕರಣದಲ್ಲಿ ಅತಿ ದೊಡ್ಡ ಸುಳಿವು ಅನ್ನಿಸಿದ್ದು ಇದೇ. ಸೆಟಪ್ ನಡೆಯುವಾಗ ಹಳೆ ವಿಂಡೋಸ್ ಎಲ್ಲೂ ಇಲ್ಲ. ಪೆನ್‌ಡ್ರೈವ್‌ನಿಂದ ಬೂಟ್ ಆದ ಪುಟ್ಟ ವಿಂಡೋಸ್ ಒಂದು ರ‍್ಯಾಮ್‌ನಲ್ಲೇ ಕೂತು ಎಲ್ಲ ಕೆಲಸ ಮಾಡುತ್ತದೆ. ಡ್ರೈವರ್, ಫಾಂಟ್, ಅಪ್‌ಡೇಟ್, ವೈರಸ್ ಯಾವುದನ್ನೂ ದೂರುವ ಹಾಗಿಲ್ಲ. ಉಳಿದದ್ದು ಪೆನ್‌ಡ್ರೈವ್, ರ‍್ಯಾಮ್, ಡಿಸ್ಕ್, ಮದರ್‌ಬೋರ್ಡ್. ಎರಡು ಪೆನ್‌ಡ್ರೈವ್ ಒಂದೇ ವಾರ ಕೆಡುವುದು ಕಷ್ಟ.

"ಇನ್ನು ಏನನ್ನೂ ಹಾಕಬೇಡ, ಅಕ್ಕನಿಗೂ ಏನೂ ಸೇವ್ ಮಾಡಬೇಡಿ ಅಂತ ಹೇಳು" ಅಂದೆ. ಅವನಿಗೆ ಕೊನೆಯ ಮಾತು ಅರ್ಥವಾಗಲಿಲ್ಲ. ಸೇವ್ ಮಾಡಿದರೆ ಏನಾಗುತ್ತದೆ?

ಎರಡು ಉತ್ತರ ಕೊಟ್ಟ ಒಂದು ಫೈಲ್

ಮೆಮೊರಿ ಪರೀಕ್ಷೆಗೆ ಹೋಗುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿದೆವು. ಯಾರು ಬೇಕಾದರೂ ಮಾಡಬಹುದು, ಏನೂ ಹಾಕಿಕೊಳ್ಳಬೇಕಾಗಿಲ್ಲ. ವಿಂಡೋಸ್ ಹಾಕಲು ಇಳಿಸಿಕೊಂಡಿದ್ದ ಐಎಸ್‌ಒ ಫೈಲ್ ಹಳೆ ಎಸ್‌ಎಸ್‌ಡಿಯಲ್ಲೇ ಇತ್ತು, 5 ಜಿಬಿಗಿಂತ ದೊಡ್ಡದು. ಸರ್ಟ್‌ಯುಟಿಲ್ ಅನ್ನುವ ಕಮಾಂಡ್ ವಿಂಡೋಸ್‌ನಲ್ಲೇ ಇರುತ್ತದೆ, ಅದರಿಂದ ಆ ಫೈಲಿನ ಶಾ-256 ಹ್ಯಾಶ್ ತೆಗೆದೆವು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು, 64 ಅಕ್ಷರಗಳ ಒಂದು ಸಾಲು. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಬರೆದಿಟ್ಟುಕೊಂಡೆವು. ರೀಸ್ಟಾರ್ಟ್ ಮಾಡಿ ಮತ್ತೆ ತೆಗೆದೆವು. ಬೇರೆ ಸಾಲು ಬಂತು. ಫೈಲ್ ಅದೇ, ಅದನ್ನು ಯಾರೂ ಮುಟ್ಟಿಲ್ಲ.

ನಡುವೆ ರೀಸ್ಟಾರ್ಟ್ ಮಾಡುವುದು ಮುಖ್ಯ. ಒಮ್ಮೆ ಓದಿದ ಫೈಲನ್ನು ವಿಂಡೋಸ್ ರ‍್ಯಾಮ್‌ನಲ್ಲೇ ಇಟ್ಟುಕೊಂಡಿರುತ್ತದೆ. ತಕ್ಷಣ ಮತ್ತೆ ಕೇಳಿದರೆ ಅದೇ ಪ್ರತಿಯಿಂದ ಅದೇ ತಪ್ಪು ಉತ್ತರ ಕೊಡುತ್ತದೆ, ನಾವು ಎರಡೂ ಒಂದೇ, ಎಲ್ಲ ಸರಿ ಅಂದುಕೊಳ್ಳುತ್ತೇವೆ. ಫೈಲ್ ದೊಡ್ಡದಿರಬೇಕು ಅನ್ನುವುದೂ ಅದಕ್ಕೇ, ರ‍್ಯಾಮ್‌ನ ಸಾಕಷ್ಟು ಜಾಗವನ್ನು ಅದು ಮುಟ್ಟಬೇಕು.

ಆಮೇಲೆ ಬೇರೆ ಕಂಪ್ಯೂಟರ್‌ನಲ್ಲಿ ಪೆನ್‌ಡ್ರೈವ್ ಒಂದಕ್ಕೆ ಮೆಮ್‌ಟೆಸ್ಟ್86 ಪ್ಲಸ್ ಹಾಕಿ ತಂದು ಅದರಿಂದ ಬೂಟ್ ಮಾಡಿದೆವು. ಉಚಿತ, ವಿಂಡೋಸ್ ಹೊರಗೇ ಓಡುತ್ತದೆ. ವಿಂಡೋಸ್‌ನಲ್ಲೇ ಬರುವ ಮೆಮೊರಿ ಡಯಾಗ್ನಾಸ್ಟಿಕ್ ಅನ್ನು ತಮ್ಮ ಶುರುವಿನಲ್ಲೇ ಓಡಿಸಿದ್ದನಂತೆ, ತೊಂದರೆಯಿಲ್ಲ ಅಂತ ಬಂದಿತ್ತಂತೆ. ಅದು ಒಂದೆರಡು ಸುತ್ತು ಓಡಿ ಮುಗಿಸುತ್ತದೆ, ಸೂಕ್ಷ್ಮ ದೋಷ ತಪ್ಪಿಹೋಗುವುದುಂಟು. ಮೆಮ್‌ಟೆಸ್ಟ್ ಮೊದಲ ಸುತ್ತು ಮುಗಿಯುವ ಮೊದಲೇ ಕೆಂಪು ಸಾಲುಗಳನ್ನು ಕಾರಿತು. ಪ್ರತಿ ಸಾಲಿನಲ್ಲೂ ಏನು ಬರೆದಿದ್ದೆ, ಏನು ಓದಿಕೊಂಡೆ ಅಂತ ತೋರಿಸುತ್ತದೆ. ಎಲ್ಲ ಸಾಲಿನಲ್ಲೂ ತಪ್ಪಿದ್ದದ್ದು ಒಂದೇ ಬಿಟ್: ಸೊನ್ನೆ ಬರೆದರೂ ಒಂದು ಅಂತ ಓದುತ್ತಿತ್ತು.

ಮೊದಲ ಅನುಮಾನ ಎಕ್ಸ್‌ಎಂಪಿ ಮೇಲೆ. ಆಫ್ ಮಾಡಿದೆವು. ಎರರ್ ಹೋಗಲಿಲ್ಲ. (ಬಯಾಸ್ ಮುಟ್ಟುವ ಮೊದಲು ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ಕೈಯಲ್ಲಿದೆಯಾ ಅಂತ ನೋಡಿಕೊಳ್ಳಿ. ವಿಂಡೋಸ್ 11 ಎಷ್ಟೋ ಮಷೀನ್‌ಗಳಲ್ಲಿ ಎನ್‌ಕ್ರಿಪ್ಷನ್ ತಾನೇ ಆನ್ ಮಾಡಿರುತ್ತದೆ, ಬಯಾಸ್ ಬದಲಾದದ್ದು ಕಂಡರೆ ಕೀ ಕೇಳಬಹುದು.) ಎರಡನೇ ಅನುಮಾನ ಆಮೇಲೆ ಹಾಕಿಸಿದ ಹೊಸ ಸ್ಟಿಕ್ ಮೇಲೆ. ನನಗೂ ಅದೇ ಇರಬೇಕು ಅನ್ನಿಸಿತ್ತು. ಒಂದೊಂದೇ ಸ್ಟಿಕ್ ಇಟ್ಟು ಓಡಿಸಿದರೆ ಹೊಸದು ರಾತ್ರಿಯೆಲ್ಲ ಓಡಿದರೂ ಒಂದು ಎರರ್ ಇಲ್ಲ. ಕೆಟ್ಟಿದ್ದದ್ದು ಹಳೆಯದು, ಶುರುವಿನಿಂದ ಇದ್ದದ್ದು. ಸ್ಲಾಟ್ ಬದಲಿಸಿದೆವು, ಆ ಸ್ಟಿಕ್ ಹೋದ ಕಡೆ ಎರರ್ ಕೂಡ ಹೋಯಿತು. ಹಾಗಾಗಿ ಬೋರ್ಡ್ ಮೇಲಿನ ಅನುಮಾನವೂ ಕಳೆಯಿತು. ಎರಡೂ ಸ್ಟಿಕ್ ಒಟ್ಟಿಗೆ ಇರುವಾಗ ವಿಳಾಸಗಳು ಎರಡಕ್ಕೂ ಹಂಚಿಹೋಗಿರುತ್ತವೆ, ಯಾವುದು ಅಂತ ಪರದೆ ನೋಡಿ ಹೇಳುವುದು ಕಷ್ಟ. ಬಿಡಿಬಿಡಿಯಾಗಿ ನೋಡುವುದೇ ದಾರಿ.

ರ‍್ಯಾಮ್ ಕೆಡುವುದು ಅಪರೂಪ ಅಂತ ತುಂಬ ಜನ ನಂಬಿದ್ದಾರೆ. ಗೂಗಲ್ ತನ್ನ ಸರ್ವರ್‌ಗಳನ್ನು ಎರಡೂವರೆ ವರ್ಷ ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ವರ್ಷದಲ್ಲಿ ಶೇಕಡಾ 8ಕ್ಕಿಂತ ಹೆಚ್ಚು ಸ್ಟಿಕ್‌ಗಳಲ್ಲಿ ಎರರ್ ಕಂಡಿತ್ತು. ಆ ಸರ್ವರ್‌ಗಳಲ್ಲಿ ತಪ್ಪನ್ನು ಹಿಡಿದು ತಿದ್ದುವ ಇಸಿಸಿ ರ‍್ಯಾಮ್ ಇತ್ತು, ಅದಕ್ಕೇ ಲೆಕ್ಕ ಸಿಕ್ಕಿತು. ಮನೆಯ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ, ತಪ್ಪಾದರೆ ಹೇಳುವವರೇ ಇಲ್ಲ.

ಬ್ಯಾಕಪ್‌ನ ಕಥೆ

ಸೇವ್ ಮಾಡಬೇಡಿ ಅಂದದ್ದು ಯಾಕೆ ಅಂತ ಈಗ ಇಬ್ಬರಿಗೂ ಅರ್ಥವಾಯಿತು. ಎಕ್ಸ್‌ಟರ್ನಲ್ ಡಿಸ್ಕ್‌ಗೆ ಹೋದ ಪ್ರತಿ ಫೈಲ್ ಕೂಡ ಇದೇ ರ‍್ಯಾಮ್ ಮೂಲಕ ಹಾದುಹೋಗಿತ್ತು. ಕಾಪಿ ಎರರ್ ಇಲ್ಲದೆ ಮುಗಿಯಿತು ಅಂದರೆ ಕಾಪಿ ಸರಿಯಾಗಿದೆ ಅಂತ ಅಲ್ಲ, ಡಿಸ್ಕ್ ತಕರಾರು ಮಾಡಲಿಲ್ಲ ಅಂತ ಅಷ್ಟೇ.

ಹಳೆ ಎಸ್‌ಎಸ್‌ಡಿ ಮತ್ತು ಬ್ಯಾಕಪ್ ಡಿಸ್ಕ್ ಎರಡನ್ನೂ ಬೇರೆ ಕಂಪ್ಯೂಟರ್‌ಗೆ ಸಿಕ್ಕಿಸಿ ಎಲ್ಲ ಫೈಲ್‌ಗಳ ಹ್ಯಾಶ್ ತೆಗೆದು ಹೋಲಿಸಿದೆವು. ಬಹುಪಾಲು ಒಂದೇ. ಬೆರಳೆಣಿಕೆಯಷ್ಟು ಬೇರೆ. ಅವುಗಳಲ್ಲಿ ಒಂದು ಫೋಟೋ, ಮೇಲಿನ ಅರ್ಧ ಸರಿಯಾಗಿದ್ದು ಅಲ್ಲಿಂದ ಕೆಳಗೆ ಪೂರ್ತಿ ಬಣ್ಣ ಬದಲಾಗಿತ್ತು. ಇನ್ನೊಂದು ಒಂದು ಕಾದಂಬರಿಯ ಸಾದಾ ಟೆಕ್ಸ್ಟ್ ಫೈಲ್. ತೆರೆದು ನೋಡಿದರೆ ಏನೂ ತಪ್ಪು ಕಾಣುವುದಿಲ್ಲ.

ಎಫ್‌ಸಿ ಅನ್ನುವ ಕಮಾಂಡ್‌ನಲ್ಲಿ ಎರಡೂ ಪ್ರತಿಗಳನ್ನು ಬೈಟ್ ಬೈಟ್ ಹೋಲಿಸಿದಾಗ ಒಂದೇ ಒಂದು ಬೈಟ್ (ಅಂದರೆ 8 ಬಿಟ್) ಬೇರೆ ಇತ್ತು. ಹದಿನಾರರ ಲೆಕ್ಕದಲ್ಲಿ (0ಯಿಂದ 9 ಆದ ಮೇಲೆ Aಯಿಂದ F ಬರುವ ಎಣಿಕೆ) ಹಳೆ ಡಿಸ್ಕ್‌ನಲ್ಲಿ 95, ಬ್ಯಾಕಪ್‌ನಲ್ಲಿ 97. ಯುಟಿಎಫ್-8 ಅನ್ನುವ ಅಕ್ಷರ ಸಂಕೇತದಲ್ಲಿ ಒಂದು ಕನ್ನಡ ಅಕ್ಷರಕ್ಕೆ 3 ಬೈಟ್, 'ಕ'ದ ಕೊನೆಯ ಬೈಟ್ 95, 'ಗ'ದ್ದು 97. ಬೈನರಿಯಲ್ಲಿ ಬರೆದರೆ 10010101 ಮತ್ತು 10010111, ನಡುವೆ ಒಂದೇ ಬಿಟ್ ವ್ಯತ್ಯಾಸ, ಸೊನ್ನೆ ಇದ್ದದ್ದು ಒಂದಾಗಿದೆ. ಆ ಜಾಗಕ್ಕೆ ಹೋಗಿ ನೋಡಿದರೆ "ಅವಳು ಕಂಡ ಕನಸು" ಅನ್ನುವುದು "ಅವಳು ಗಂಡ ಕನಸು" ಆಗಿತ್ತು. ವಿನ್ಯಾಸಕಿ ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ಇಂಥದ್ದು ಯಾವ ಕಾಗುಣಿತ ಪರೀಕ್ಷೆಗೂ ಸಿಗುವುದಿಲ್ಲ, ಗಂಡ ಅನ್ನುವುದೂ ಸರಿಯಾದ ಪದವೇ.

ಕೆಟ್ಟ ಫೈಲ್‌ಗಳನ್ನೆಲ್ಲ ಹೀಗೆ ನೋಡುತ್ತಾ ಹೋದಾಗ ಒಂದು ಚಂದದ ಸಾಕ್ಷಿ ಸಿಕ್ಕಿತು. ಎಲ್ಲದರಲ್ಲೂ ಕೆಟ್ಟಿದ್ದದ್ದು ಅದೇ ಬಿಟ್. ತಪ್ಪು ಇರುವ ಸ್ಥಾನದ ಕೊನೆಯ ಮೂರು ಅಂಕಿ ಕೂಡ ಎಲ್ಲ ಫೈಲ್‌ನಲ್ಲೂ 468 ಇಲ್ಲವೇ 868. ವಿಂಡೋಸ್ ರ‍್ಯಾಮನ್ನು 4096 ಬೈಟ್‌ನ ಪುಟಗಳಾಗಿ ಹಂಚುತ್ತದೆ, ಹದಿನಾರರ ಲೆಕ್ಕದಲ್ಲಿ ಕೊನೆಯ ಮೂರು ಅಂಕಿ ಅಂದರೆ ಪುಟದೊಳಗಿನ ಸ್ಥಾನ. ಅಲ್ಲಿ ಕೆಟ್ಟ ಕೋಶ ಎರಡೇ. ಡಿಸ್ಕ್ ಕೆಟ್ಟರೆ ಹೀಗೆ ಆಗುವುದಿಲ್ಲ. ಡಿಸ್ಕ್ ಸಾಮಾನ್ಯವಾಗಿ 512 ಅಥವಾ 4096 ಬೈಟ್‌ನ ತುಂಡನ್ನೇ ಕಳೆದುಕೊಳ್ಳುತ್ತದೆ, ಮತ್ತು ಓದಲಾಗುತ್ತಿಲ್ಲ ಅಂತ ಹೇಳುತ್ತದೆ. ಒಂದೇ ಒಂದು ಬಿಟ್ ಸದ್ದಿಲ್ಲದೆ ತಿರುಗಿದ್ದರೆ ಮೊದಲು ರ‍್ಯಾಮ್ ಕಡೆ ನೋಡಿ.

ಹಳೆ ಎಸ್‌ಎಸ್‌ಡಿಯಲ್ಲಿ ಮುಟ್ಟದೆ ಉಳಿದಿದ್ದ ಫೈಲ್‌ಗಳೆಲ್ಲ ಸರಿಯಾಗಿದ್ದವು. ಕಾಟ ಶುರುವಾದ ಮೇಲೆ ತೆರೆದು ತಿದ್ದಿ ಸೇವ್ ಮಾಡಿದವುಗಳ ಕತೆ ಬೇರೆ, ಅಲ್ಲಿ ಹೋಲಿಸಲು ಒಳ್ಳೆಯ ಪ್ರತಿಯೇ ಇಲ್ಲ. ಲೇಖಕರು ಕಳಿಸಿದ ಮೂಲ ಫೈಲ್‌ಗಳು ಮೇಲ್‌ನಲ್ಲಿದ್ದವು, ಮತ್ತೆ ಇಳಿಸಿಕೊಂಡರು. ಒಂದು ಪುಸ್ತಕದ ವಿನ್ಯಾಸದ ಫೈಲ್ ತೆರೆಯಲೇ ಇಲ್ಲ. ಲೇಖಕರಿಗೆ ನೋಡಲು ಕಳಿಸಿದ್ದ ಪಿಡಿಎಫ್ ಮುಂದಿಟ್ಟುಕೊಂಡು ಅದನ್ನು ಹೊಸದಾಗಿ ಕಟ್ಟಬೇಕಾಯಿತು.

ಹಾಗಾದರೆ ಹೊಸದಾಗಿ ಹಾಕಿದ್ದು ವ್ಯರ್ಥವಾ?

ತಮ್ಮ ಕೇಳಿದ ಪ್ರಶ್ನೆ ಇದು. ವ್ಯರ್ಥ ಅಲ್ಲ. ಹೊಸದಾಗಿ ವಿಂಡೋಸ್ ಹಾಕುವುದು ರಿಪೇರಿಯೂ ಹೌದು, ಪರೀಕ್ಷೆಯೂ ಹೌದು. ಕಾಟ ಹೋದರೆ ಅದು ರಿಪೇರಿ. ಹೋಗದಿದ್ದರೆ ಅದು ಪರೀಕ್ಷೆಯ ಫಲಿತಾಂಶ: ದೋಷ ಬಹುಶಃ ಸಾಫ್ಟ್‌ವೇರ್‌ನಲ್ಲಿಲ್ಲ. ಆ ಫಲಿತಾಂಶವನ್ನು ಓದದೆ ಇನ್ನೊಂದು ಸಲ ಹಾಕಲು ಹೊರಟದ್ದಷ್ಟೇ ಇಲ್ಲಿ ಎಡವಿದ್ದು. ಅದನ್ನು ಓದಲು ಆಗದಂತೆ ಮಾಡಿದ್ದು ಒಂದೇ ದಿನ ಎಲ್ಲ ಬದಲಿಸಿದ್ದು. ವಿಂಡೋಸ್ 11ಕ್ಕೆ ಹೋಗದೆ 10ನ್ನೇ ಹಾಕಿದ್ದರೆ ಕಾಟ ವಾಪಸ್ ಬಂದಾಗ ಬೈಯಲು 11 ಸಿಗುತ್ತಿರಲಿಲ್ಲ.

ಈಗ ಯಾರಾದರೂ ಫಾರ್ಮ್ಯಾಟ್ ಮಾಡಲಾ ಅಂತ ಕೇಳಿದರೆ ನಾನು ಮೊದಲು ಕೇಳುವುದು, ಕಾಟ ಯಾವಾಗಲೂ ಒಂದೇ ಥರ ಇದೆಯಾ, ದಿನಕ್ಕೊಂದು ಥರ ಇದೆಯಾ ಅಂತ. ಒಂದೇ ಪ್ರೋಗ್ರಾಂ, ಒಂದೇ ಬಟನ್ ಒತ್ತಿದಾಗ ಕೈಕೊಡುತ್ತದೆ ಅಂದರೆ ಸಾಫ್ಟ್‌ವೇರ್ ಆಗಿರುವ ಸಂಭವ ಜಾಸ್ತಿ, ಹೊಸದಾಗಿ ಹಾಕುವುದು ಅಲ್ಲಿ ಕೆಲಸಕ್ಕೆ ಬರುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕಾರು ಕಡೆ ನಾಲ್ಕಾರು ಥರ ಆಗುತ್ತಿದ್ದರೆ ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ, ಡಿಸ್ಕ್‌ನ ಸ್ಮಾರ್ಟ್ ವರದಿ ನೋಡಿ, ಆಮೇಲೆ ಮುಂದಿನ ಮಾತು. ಒಂದು ರಾತ್ರಿ ಕರೆಂಟ್ ಬಿಟ್ಟರೆ ಇದಕ್ಕೆ ಖರ್ಚಿಲ್ಲ, ಏನೂ ಅಳಿದುಹೋಗುವುದಿಲ್ಲ. ಫಾರ್ಮ್ಯಾಟ್ ಮಾಡಿದರೆ ಸಾಕ್ಷಿ ಅಳಿಯುತ್ತದೆ. ವಿಂಡೋಸ್ ಫೋಲ್ಡರ್‌ನೊಳಗೆ ನೀಲಿ ಪರದೆಗಳ ವಿವರ ಉಳಿಯುವ ಮಿನಿಡಂಪ್ ಫೋಲ್ಡರ್, ಈವೆಂಟ್ ವ್ಯೂವರ್‌ನ ಲಾಗ್‌ಗಳು ಎಲ್ಲ ಅದರ ಜೊತೆ ಹೋಗುತ್ತವೆ. ಇಲ್ಲಿ ಹಳೆ ಡಿಸ್ಕ್ ಉಳಿದಿದ್ದರಿಂದ ಆ ಮಿನಿಡಂಪ್‌ಗಳನ್ನು ತೆರೆದು ನೋಡಲು ಆಯಿತು. ಪ್ರತಿಯೊಂದೂ ಬೇರೆ ಬೇರೆ ಡ್ರೈವರ್ ಕಡೆ ಬೆರಳು ತೋರಿಸುತ್ತಿತ್ತು, ಅದೇ ಒಂದು ಸುಳಿವು.

ಬ್ಯಾಕಪ್ ಬಗ್ಗೆ ನನ್ನ ಅಭಿಪ್ರಾಯ ಈಗ ಗಟ್ಟಿಯಾಗಿದೆ. ಹುಷಾರಿಲ್ಲದ ಮಷೀನಿನಲ್ಲೇ ಕೂತು ಅದರ ಬ್ಯಾಕಪ್ ತೆಗೆಯಬೇಡಿ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿ ಅಲ್ಲಿ ಕಾಪಿ ಮಾಡಿ. ಹಳೆಯ ಒಳ್ಳೆಯ ಬ್ಯಾಕಪ್ ಇದ್ದರೆ ಅದರ ಮೇಲೆ ಹೊಸದನ್ನು ಬರೆಯಬೇಡಿ, ಪಕ್ಕದಲ್ಲಿ ಇನ್ನೊಂದು ಇಡಿ.

ಕೆಟ್ಟ ಸ್ಟಿಕ್ ತೆಗೆದು 8 ಜಿಬಿಯಲ್ಲೇ ಮತ್ತೆ ವಿಂಡೋಸ್ 11 ಹಾಕಿದೆವು, ಪೆನ್‌ಡ್ರೈವ್‌ನ್ನು ಬೇರೆ ಕಂಪ್ಯೂಟರ್‌ನಲ್ಲಿ ತಯಾರು ಮಾಡಿ. ಆಗ ಹೊಸದಾಗಿ ಹಾಕುವುದು ಬೇಕೇಬೇಕಿತ್ತು, ಅದುವರೆಗೂ ಡಿಸ್ಕ್‌ಗೆ ಹೋಗಿದ್ದ ವಿಂಡೋಸ್ ಕೂಡ ಕೆಟ್ಟ ರ‍್ಯಾಮ್ ಮೂಲಕವೇ ಹೋಗಿತ್ತಲ್ಲ. ಸೆಟಪ್ ಎಲ್ಲೂ ನಿಲ್ಲದೆ ಮುಗಿಯಿತು. ಎಸ್‌ಎಫ್‌ಸಿಯನ್ನು ಎರಡು ಸಲ ಓಡಿಸಿದರೂ ಒಂದೂ ಕೆಟ್ಟ ಫೈಲ್ ಸಿಗಲಿಲ್ಲ. ಪ್ರೋಗ್ರಾಂಗಳನ್ನು ಈ ಸಲ ಬೇಕಾದ ಹಾಗೆ ಒಂದೊಂದೇ ಹಾಕಿಕೊಂಡರು. ರ‍್ಯಾಮ್ ಕಂಪನಿಗಳಲ್ಲಿ ಬಹಳಷ್ಟು ಜೀವಾವಧಿ ವಾರಂಟಿ ಕೊಡುತ್ತವೆ, ಈ ಸ್ಟಿಕ್‌ಗೂ ಇತ್ತು, ಮೆಮ್‌ಟೆಸ್ಟ್ ಪರದೆಯ ಫೋಟೋ ಕಳಿಸಿದ ಮೇಲೆ ಬದಲಿ ಬಂತು. ಜೋಡಿ ಕಿಟ್ ಆಗಿ ಕೊಂಡಿದ್ದರೆ ಎರಡೂ ಸ್ಟಿಕ್ ಕಳಿಸಿ ಅನ್ನುವುದುಂಟು, ಇಲ್ಲಿ ಬಿಡಿಯಾಗಿ ಕೊಂಡದ್ದರಿಂದ ಒಂದೇ ಸಾಕಾಯಿತು. ಬದಲಿ ಬಂದ ಸ್ಟಿಕ್ ಹಾಕಿ ಮೊದಲು ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ, ಒಂದೂ ಎರರ್ ಇಲ್ಲ ಅಂತ ನೋಡಿದ ಮೇಲೇ ತಮ್ಮ ಅಕ್ಕನಿಗೆ ಕಂಪ್ಯೂಟರ್ ಬಿಟ್ಟುಕೊಟ್ಟ. ಎಕ್ಸ್‌ಎಂಪಿ ಇನ್ನೂ ಆಫ್ ಆಗಿಯೇ ಇದೆ.